ಡ್ರೈವರಿಗೆ ಹೊಂದುವ ಕುರ್ಚಿ

ನಿವೃತ್ತನಾಗಿ ಮನೆಗೆ ಬಂದ ಮೇಲೆ ಡ್ರೈವರು ಒಂದು ಕಡೆ ನೆಟ್ಟಗೆ ಕೂತದ್ದನ್ನು ಹೆಂಡತಿ ಕಂಡಿರಲಿಲ್ಲ. ಬೆಳಗಾಗುತ್ತಲೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿಯುತ್ತಿದ್ದ. ಅಲ್ಲಿ ಕಂಡವರ ಬಸ್ಸಿನ ಪಕ್ಕ ನಿಂತು, ಹೊಸ ಹುಡುಗರಿಗೆ ಹೇಗೆ ತಿರುಗಿಸಬೇಕು, ಎಲ್ಲಿ ಬ್ರೇಕು ಒತ್ತಬೇಕು ಎಂದು ಪಾಠ ಹೇಳುತ್ತಿದ್ದ. ಮೊದಮೊದಲು ಅವರೂ ನಗುತ್ತಿದ್ದರು. ಹೋದ ವಾರ ಯಾರೋ ಒಬ್ಬ ಇಂಜಿನ್ ಆರಿಸದೆ ಚಹಾಕ್ಕೆ ಹೋದದ್ದೇ ತಡ, ಇವನು ಹತ್ತಿ ಕೂತು ಬಸ್ಸನ್ನು ನೆರಳಿಗೆ ಸರಿಸಿದ್ದ. ಒಳಗಿದ್ದ ಜನ ಹೋ ಎಂದು ಕೂಗಿಕೊಂಡಿದ್ದರು.

ಡಿಪೋ ಮ್ಯಾನೇಜರು ತಾನೇ ಮನೆ ಬಾಗಿಲಿಗೆ ಬಂದ. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಅಕ್ಕಾ, ಅಣ್ಣನ ಮೇಲೆ ನಮಗೆ ಗೌರವ ಇದೆ. ಆದ್ರೆ ಇನ್ನೊಂದ್ಸಲ ಹೀಗಾದ್ರೆ ಪೊಲೀಸ್ರಿಗೆ ಹೇಳ್ಬೇಕಾಗತ್ತೆ. ಹೇಗಾದ್ರೂ ಮಾಡಿ ಮನೇಲಿ ಕೂರಿಸ್ಕೊಳ್ಳಿ."

ಹೇಳಿದಷ್ಟು ಸುಲಭವೇ? ಅವಳು ಬಟ್ಟೆ ಹೊಲಿಯುವವಳು. ಕಿಟಕಿಯ ಪಕ್ಕ ಮೆಷಿನ್ನು, ಅದರ ಮುಂದೆ ಒರಗು ಇಲ್ಲದ ಸ್ಟೂಲು. ಮಗಳು ಹುಟ್ಟುವ ಮೊದಲಿಂದಲೂ ಅವಳ ಹಗಲೆಲ್ಲ ಅಲ್ಲೇ ಕಳೆದಿತ್ತು. ಸರಿಯಾಗಿ ಅಳತೆ ತೆಗೆದರೆ ಎಂಥ ಮೈಗೂ ಅಂಗಿ ಹೊಂದುತ್ತದೆ ಎಂಬುದು ಅವಳ ನಂಬಿಕೆ. ಹೆಗಲು ಕೂರದಿದ್ದರೆ ತಪ್ಪು ಬಟ್ಟೆಯದಲ್ಲ, ಟೇಪಿನದು. ಮನೆಯಲ್ಲಿ ಇದ್ದದ್ದು ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಬೆಂಚು. ಇಂಥದ್ದರ ಮೇಲೆ ಯಾವ ಗಂಡಸು ತಾನೇ ಕೂತಾನು ಎಂದು ಅವಳಿಗೆ ಅನ್ನಿಸಿತು. "ಕ್ಲಬ್ ಕುರ್ಚಿ ಅಂತ ಬರತ್ತಮ್ಮ," ಎಂದು ಮಗಳು ಫೋನಿನಲ್ಲಿ ಹೇಳಿದಳು. "ಅಗಲ ಕೈ, ದಪ್ಪ ಮೆತ್ತೆ. ಒರಗೂ ಕೈಯೂ ಸೇರಿ ಒಂದೇ ಸುತ್ತಾಗಿ ಬಂದಿರತ್ತೆ. ಕೂತ್ರೆ ಏಳೋ ಮನಸ್ಸೇ ಆಗಲ್ಲ." ಬೇಕಾದದ್ದು ಅದೇ.

ಮರುದಿನ ಟೇಪನ್ನು ಚೀಲಕ್ಕೆ ಹಾಕಿಕೊಂಡು ಅವನನ್ನು ಹೊರಡಿಸಿದಳು. ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ಅವನು ಮುಂದೆ ಹೋಗಿ ಡ್ರೈವರನ ಬೆನ್ನ ಹಿಂದೆ ನಿಂತ.

"ರೀ, ಬಂದು ಕೂತ್ಕೊಳ್ಳಿ."

"ಇವನು ಗೇರ್ ಹಾಕೋದು ಕೇಳಿಸ್ತಾ ಇದ್ಯಾ? ನಿದ್ದೇಲಿ ಹಲ್ಲು ಕಡಿದ ಹಾಗೆ."

"ಮೆತ್ತಗೆ ಮಾತಾಡಿ, ಇಳಿಸಿಬಿಟ್ಟಾನು."

ಕುರ್ಚಿ ಅಂಗಡಿಯಲ್ಲಿ ಒಂದರ ಹಿಂದೊಂದು ಮೂರು ಕೋಣೆಗಳಿದ್ದವು. ದಢೂತಿ ಅಂಗಡಿಯವನು ಮಾತ್ರ ಬಾಗಿಲ ಬಳಿ ಮರದ ಪೆಟ್ಟಿಗೆಯ ಮೇಲೆ ಕೂತಿದ್ದ.

"ಇಷ್ಟೊಂದು ಕುರ್ಚಿ ಇಟ್ಕೊಂಡು ಪೆಟ್ಟಿಗೆ ಮೇಲೆ ಕೂತಿದ್ದೀರಲ್ಲ?" ಎಂದಳು.

"ಕುರ್ಚೀಲಿ ಕೂತ್ರೆ ನಿದ್ದೆ ಬರತ್ತಮ್ಮ. ಆಮೇಲೆ ವ್ಯಾಪಾರ ಯಾರು ಮಾಡ್ತಾರೆ?" ಅವನು ಕೈಯೂರಿ ಎದ್ದ. "ಈ ಕೋಣೇದು ಮುತ್ತಜ್ಜನ ಕಾಲದ್ದು, ಮಧ್ಯದ್ದು ಅಪ್ಪನ ಕಾಲದ್ದು, ಆ ಕೊನೇದು ಮೊಮ್ಮಕ್ಕಳ ಕಾಲದ್ದು. ನಿಮ್ಮ ಮನೆ ಎಂಥದ್ದು?"

"ಮನೆ ಹೇಗಾದ್ರೂ ಇರ್ಲಿ. ಇವರು ಕೂರ್ಬೇಕು, ಅಷ್ಟೆ."

ಮುತ್ತಜ್ಜನ ಕುರ್ಚಿಯ ಕಂದು ಚರ್ಮ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು. ಅಂಚಿಗೆ ಸಾಲಾಗಿ ಹಿತ್ತಾಳೆಯ ಮೊಳೆ. ಒಳಗೆ ತುಂಬಿದ್ದು ಕುದುರೆಯ ಕೂದಲು ಎಂದು ಅಂಗಡಿಯವನು ಹೆಮ್ಮೆಯಿಂದ ತಟ್ಟಿದ, ಧೂಳೆದ್ದಿತು. ಡ್ರೈವರು ಕೂತ. ಕೂತವನು ಇಳಿಯುತ್ತ ಇಳಿಯುತ್ತ ಹೋಗಿ, ಮಂಡಿ ಎದೆಯ ಮಟ್ಟಕ್ಕೆ ಬಂತು.

"ಇಲ್ಲಿಂದ ರಸ್ತೆ ಕಾಣಲ್ಲ."

"ಯಾವ ರಸ್ತೆ ಯಜಮಾನ್ರೇ?"

ಡ್ರೈವರು ಹೆಂಡತಿಯ ಕೈ ಹಿಡಿದು ಮೇಲೆದ್ದ.

ಅಪ್ಪನ ಕಾಲದ್ದು ಅಷ್ಟು ಭಾರದ್ದಲ್ಲ. ತೆಳುವಾದ ಮರದ ಕಾಲು, ಹಾಸಿದ್ದು ಹಸಿರು ಉಣ್ಣೆ ಬಟ್ಟೆ, ಕೈ ಇಟ್ಟ ಕಡೆ ಸವೆದು ನುಣುಪಾಗಿತ್ತು. ಅವನು ಮೊದಲು ನೆಲಕ್ಕೆ ಬಗ್ಗಿ ಅಡಿಯೆಲ್ಲ ನೋಡಿದ, ಸ್ಪ್ರಿಂಗು ಅದುಮಿದ, ಆಮೇಲೆ ಕೂತ. ಬೆನ್ನು ಒರಗಿಸಿದ. ಅವಳು ಟೇಪು ತೆಗೆದು, ಅವನ ಸೊಂಟದಿಂದ ಕತ್ತಿನವರೆಗೆ ಅಳೆದಳು. ಒರಗಿನ ಎತ್ತರ ಸರಿಯಾಗಿತ್ತು. ಮಂಡಿಯೂ ಸರಿ. ಇನ್ನೇನು ಆಯಿತು ಎನ್ನುವಾಗ ಅವಳ ಕಣ್ಣು ಅವನ ಬಲಗಾಲಿನ ಮೇಲೆ ಬಿತ್ತು. ಅದು ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು.

"ಚೆನ್ನಾಗಿದೆ," ಎಂದ ಅವನು ಏಳುತ್ತ. "ಆದ್ರೆ ಇದು ಎಲ್ಲಿಗೂ ಹೋಗಲ್ಲ."

"ಕುರ್ಚಿ ಎಲ್ಲಿಗೆ ಹೋಗ್ಬೇಕು ರೀ?"

ಮೊಮ್ಮಕ್ಕಳ ಕಾಲದ್ದು ಒಂಟಿ ಕಬ್ಬಿಣದ ಕಾಲಿನ ಮೇಲೆ ಗಿರ್ರನೆ ತಿರುಗುವಂಥದ್ದು. ಅದನ್ನು ಕಂಡು ಅವನ ಮುಖ ಅರಳಿತು. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಪೂರ್ತಿ ಒಂದು ಸುತ್ತು ಬಂದ. ಮತ್ತೊಂದು ಸುತ್ತು. ಮೂರನೆಯದಕ್ಕೆ ಮುಖ ಬಾಡಿತು.

"ತಿರುವಿನಲ್ಲೇ ಸಿಕ್ಕಿಹಾಕ್ಕೊಂಡ ಹಾಗಾಗತ್ತೆ ಕಣೇ. ನಡಿ, ನನಗೆ ಯಾವ್ದೂ ಬೇಡ," ಎಂದು ದಡದಡ ನಡೆದು ಬೀದಿಗೆ ಹೋಗಿಬಿಟ್ಟ.

ಅವಳಿಗೆ ಸೋಲು ಒಪ್ಪಿಕೊಳ್ಳಲಾಗಲಿಲ್ಲ. ಅಳತೆಯಲ್ಲೇ ಏನೋ ತಪ್ಪಿದೆ. ಮಧ್ಯದ ಕೋಣೆಗೆ ಮರಳಿ ಹಸಿರು ಕುರ್ಚಿಯ ಆಳ ಅಳೆದಳು, ಅಗಲ ಅಳೆದಳು. ಮೆತ್ತೆ ಎಷ್ಟು ತಗ್ಗುತ್ತದೋ ತಿಳಿಯಲೆಂದು ತಾನೇ ಕೂತಳು.

ಕೂತು ಹಿಂದಕ್ಕೆ ಸರಿದಾಗ ಬೆನ್ನಿಗೆ ಏನೋ ತಗುಲಿತು. ಬೆಚ್ಚಿ ಮುಂದೆ ಬಂದಳು. ಆಮೇಲೆ ತಾನೇ ನಕ್ಕು, ಮೆಲ್ಲಗೆ ಒರಗಿದಳು. ಸೊಂಟದ ಬಳಿ ಸದಾ ಹಿಡಿದುಕೊಂಡಿರುತ್ತಿದ್ದ ನೋವು ದಾರಿ ಬಿಟ್ಟು ನಿಂತ ಹಾಗಾಯಿತು. ಕೈಗಳನ್ನು ಎಲ್ಲಿಡುವುದೋ ಗೊತ್ತಾಗಲಿಲ್ಲ. ಕುರ್ಚಿಯ ಕೈ ಮೇಲಿಟ್ಟಳು, ತಪ್ಪು ಮಾಡಿದವಳಂತೆ ಮಡಿಲಿಗೆ ಎಳೆದುಕೊಂಡಳು, ಮತ್ತೆ ಇಟ್ಟಳು. ಬೀದಿಯಿಂದ ಅವನು ಕೂಗುತ್ತಿದ್ದ: "ಬಸ್ಸು ಬರೋ ಹೊತ್ತಾಯ್ತು ಬಾರೇ!" ಕೇಳಿಸಿತು. ಏಳಬೇಕು ಎಂದುಕೊಂಡಳು. ಏಳಲಿಲ್ಲ.

ಅವನು ಒಳಗೇ ಬಂದ. "ಯಾರ ಅಳತೆ ತೆಗೀತಿದ್ದೀಯ ಇನ್ನೂ? ನನಗೆ ಬೇಡ ಅಂದ್ನಲ್ಲ."

"ನಿಮಗಲ್ಲ."

"ಮತ್ಯಾರಿಗೆ?"

ಅವಳು ಟೇಪನ್ನು ಬೆರಳಿಗೆ ಸುತ್ತುತ್ತ ಕೂತಳು. ಅವನು ಕುರ್ಚಿಯ ಸುತ್ತ ಒಂದು ಸಲ ಬಂದ.

"ಹಾಗಾದ್ರೆ ನಾನು?"

"ನೀವು ಹೋಗ್ಬನ್ನಿ."

"ಎಲ್ಲಿಗೆ?"

"ನನಗೇನು ಗೊತ್ತು? ಕಾಲಿದೆ, ರಸ್ತೆ ಇದೆ. ಆ ಬಸ್ ಸ್ಟ್ಯಾಂಡಿಗೆ ಮಾತ್ರ ಬೇಡ. ನಿಮ್ಮನ್ನ ಕಟ್ಟಿಹಾಕೋ ಕುರ್ಚಿ ಈ ಮೂರು ಕೋಣೇಲೂ ಇಲ್ಲ. ಪೊಲೀಸ್ರು ಬಾಗಿಲು ತಟ್ಟಿದ್ರೆ ನೀವೇ ತೆಗೀರಿ, ನಾನು ಏಳಲ್ಲ."

ಅಂಗಡಿಯವನು ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡ. "ಜೋಡಿ ಇದೆ ಅಮ್ಮ ಇದಕ್ಕೆ."

"ಒಂದೇ ಸಾಕು."

ಸಂಜೆ ಸಾಮಾನು ಗಾಡಿ ಓಣಿಗೆ ಬಂದಾಗ ಡ್ರೈವರಿಗೆ ಜೀವ ಬಂತು. ಹಿಂದೆ ಓಡಿ ಗಾಡಿಯ ಮೈ ತಟ್ಟುತ್ತ, "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಹ್ಞಾಂ ನಿಲ್ಸು!" ಎಂದು ಕೂಗಾಡಿದ. ಕುರ್ಚಿ ಇಳಿದು, ಗಾಡಿ ಹೋದದ್ದೇ, ಮತ್ತೆ ಖಾಲಿ ಕೈ.

ಅವಳು ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿ ಕೂತಳು. ಅವನು ಅಡುಗೆಮನೆಗೆ ಹೋದ, ನೀರು ಕುಡಿದ, ಹೊಸಿಲಿಗೆ ಬಂದ, ಅಂಗಳಕ್ಕೆ ಇಳಿದ. ಗೇಟು ಕಿರುಗುಟ್ಟಿದಾಗಲೆಲ್ಲ ಅವಳ ಹಿಮ್ಮಡಿ ತಾನಾಗಿ ಮೇಲೇಳುತ್ತಿತ್ತು; ನೆಲಕ್ಕೆ ಒತ್ತಿ ಇಡುತ್ತಿದ್ದಳು.

"ಕೆರೆ ತನಕ ಹೋಗ್ಬರ್ತೀನಿ," ಎಂದು ಹೊರಗಿನಿಂದ ದನಿ ಬಂತು. ಹೀಗೆ ಹೇಳಿ ಹೋಗುವ ರೂಢಿ ಅವನಿಗಿರಲಿಲ್ಲ.

"ಹ್ಞೂಂ."

ಹೆಜ್ಜೆಗಳು ಓಣಿಯ ತುದಿಗೆ ಹೋದವು. ಅಲ್ಲಿ ಎಡಕ್ಕೆ ತಿರುಗಿದರೆ ಕೆರೆ, ಬಲಕ್ಕೆ ತಿರುಗಿದರೆ ಬಸ್ ಸ್ಟ್ಯಾಂಡು. ಕಿಟಕಿಗೆ ಹೋಗಿ ಬಗ್ಗಿದರೆ ಕಂಡೀತು. ಅವಳು ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಿವಿಯನ್ನಷ್ಟೇ ಆ ಕಡೆಗೆ ಬಿಟ್ಟು, ಬೆನ್ನನ್ನು ಒರಗಿಗೆ ಒತ್ತಿಕೊಂಡು ಕೂತೇ ಇದ್ದಳು.