ಲಾರಿ ಡ್ರೈವರನ ಕೇಸ್ ಶೀಟ್

ಹಾಸ್ಟೆಲಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಸಾಧ್ವಿ ಎಂದು. ನರ್ಸಿಂಗ್ ಮೂರನೇ ವರ್ಷ, ಬಾಯಲ್ಲಿ ಸದಾ ಪ್ರಾರ್ಥನೆ. ಒಂದು ತಿಂಗಳಿಂದ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ವಾರ್ಡಿನ ಬಾಗಿಲು ಕಂಡರೆ ಸಾಕು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಫೋನಿನಲ್ಲಿ ದೊಡ್ಡಮ್ಮನ ಹತ್ತಿರ ಹೇಳಿಕೊಂಡರೆ, "ಪ್ರಾರ್ಥನೆ ಕಮ್ಮಿಯಾಗಿರತ್ತೆ ಕಣೇ, ಇನ್ನೊಂದರ್ಧ ಗಂಟೆ ಜಾಸ್ತಿ ಮಾಡು" ಎಂಬ ಔಷಧಿ ಸಿಕ್ಕಿತು. ಪಾಪದ ಹುಡುಗಿ ಅರ್ಧರ್ಧ ಗಂಟೆ ಏರಿಸುತ್ತ ಎರಡು ಗಂಟೆಗೆ ಮುಟ್ಟಿಸಿದ್ದಳು. ನಿದ್ದೆಯೂ ಅಷ್ಟೇ ಇಳಿದಿತ್ತು. ಡಾಕ್ಟರ ಹತ್ತಿರ ಹೋದರೆ ದೇವರ ಮೇಲೆ ನಂಬಿಕೆಯಿಲ್ಲ ಎಂದು ಒಪ್ಪಿಕೊಂಡ ಹಾಗೆ ಎಂಬುದು ಅವಳ ಹಟ. ಅದಕ್ಕಿಂತ ಓದು ಬಿಡುವುದೇ ವಾಸಿ ಎಂದು ಅರ್ಜಿ ಬರೆದಿಟ್ಟಿದ್ದಳು. ಸೋಮವಾರ ಕೊಡುವುದೊಂದೇ ಬಾಕಿ.

ಅಷ್ಟರಲ್ಲಿ ಮಾನಸಿಕ ರೋಗಿಗಳ ವಾರ್ಡಿನಲ್ಲಿ ತಲಾ ಒಬ್ಬ ರೋಗಿಯನ್ನು ನೋಡಿ ವಿವರ ತುಂಬಿದ ಕೇಸ್ ಶೀಟ್ ಒಪ್ಪಿಸುವ ದಿನ ಹತ್ತಿರ ಬಂತು. ಇವಳ ಪಾಲಿನ ರೋಗಿ ಎರಡೇ ದಿನಕ್ಕೆ ಗಂಟುಮೂಟೆ ಕಟ್ಟಿ ಮನೆಗೆ ಹೋಗಿದ್ದ.

"ಅದಕ್ಯಾಕೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೀಯ? ಒಬ್ಬ ರೋಗೀನ ಹುಟ್ಟಿಸು. ನಮ್ಮ ಕ್ಲಾಸಿನ ಅರ್ಧ ರೋಗಿಗಳು ಹಾಗೇ ಹುಟ್ಟಿದವರು" ಎಂದಳು ರೂಮಿನ ಗೆಳತಿ.

ಸಾಧ್ವಿ ಐವತ್ತೆರಡು ವರ್ಷದ ಒಬ್ಬ ಲಾರಿ ಡ್ರೈವರನನ್ನು ಹುಟ್ಟಿಸಿದಳು. ಹೆಸರು, ವಯಸ್ಸು, ಕಸುಬು ಬರೆಯುವಷ್ಟರಲ್ಲಿ ಅವಳ ಸುಳ್ಳಿನ ಸರಕೆಲ್ಲ ಖಾಲಿ. ನಾಡಿ ಎಷ್ಟೆಂದು ಬರೆಯುವುದು? ಬಾಯಿಗೆ ಬಂದದ್ದು ಬರೆದರೆ ಪಾಪವಲ್ಲವೇ? ತನ್ನ ಮಣಿಕಟ್ಟನ್ನೇ ಹಿಡಿದು ಎಣಿಸಿದಳು: ನೂರಹತ್ತು. ತೂಕ ನಲವತ್ತಮೂರು ಕೆ.ಜಿ. ನಿದ್ದೆ ಮೂರು ಗಂಟೆ. ಅಳು ದಿನಕ್ಕೆ ಎರಡು ಸಲ, ಬಚ್ಚಲಲ್ಲಿ. ಚಿಕಿತ್ಸೆ: ಪ್ರಾರ್ಥನೆ. ಒಂದು ಕಾಲಮ್ಮನ್ನೂ ಖಾಲಿ ಬಿಡದೆ, ಇನ್ನೊಂದು ಸುಳ್ಳನ್ನೂ ಸೇರಿಸದೆ ತುಂಬಿ ಕೊಟ್ಟಳು.

ಮರುದಿನವೇ ಶೀಟ್ ತಿದ್ದುವ ಹಿರಿಯ ನರ್ಸ್ ಮೇಡಂ ಕರೆಸಿದರು. ಅವರ ಮೇಜಿನ ಮೇಲೆ ಇವಳ ಶೀಟ್ ಇತ್ತು.

"ಮೂವತ್ತು ವರ್ಷ ಸರ್ವಿಸ್ ಆಯ್ತಮ್ಮ ನಂದು" ಎಂದರು ಮೇಡಂ, ನಗು ತಡೆಯಲು ತುಟಿ ಕಚ್ಚಿಕೊಂಡು. "ತಿಂಗಳು ತಿಂಗಳು ತಪ್ಪದೆ ಮುಟ್ಟಾಗೋ ಲಾರಿ ಡ್ರೈವರನ್ನ ಇವತ್ತೇ ನೋಡಿದ್ದು."

ಸಾಧ್ವಿ ಇಣುಕಿ ನೋಡಿದಳು. ಕೊನೆಯ ಮುಟ್ಟಿನ ದಿನಾಂಕ ಅವಳದೇ ಅಕ್ಷರದಲ್ಲಿ ದುಂಡಗೆ ಕೂತಿತ್ತು. ಮೊದಲು ನಗು ಉಕ್ಕಿತು, ಅದರ ಬೆನ್ನಿಗೇ ಅಳು. ಎರಡನ್ನೂ ಒಟ್ಟಿಗೆ ಸುಧಾರಿಸಲಾಗದೆ ಕುರ್ಚಿಯಲ್ಲಿ ಕುಸಿದಳು. ಡಾಕ್ಟರ ಭಯ, ದೊಡ್ಡಮ್ಮನ ಅರ್ಧ ಗಂಟೆ, ಬರೆದಿಟ್ಟ ಅರ್ಜಿ, ಎಲ್ಲ ಬಾಯಿಬಿಟ್ಟಳು.

ಮೇಡಂ ನೀರಿನ ಲೋಟ ಮುಂದೆ ಸರಿಸಿದರು. "ಪ್ರಾರ್ಥನೆ ಬಿಡು ಅಂತ ಯಾರು ಹೇಳಿದ್ರು? ನಾನೂ ದಿನಾ ಮಾಡ್ತೀನಿ. ಮಾಡಿ ಬಿ.ಪಿ. ಮಾತ್ರೆ ನುಂಗ್ತೀನಿ. ಇಷ್ಟು ವರ್ಷದಲ್ಲಿ ದೇವರು ಒಂದಿನಾನೂ ಮುನಿಸ್ಕೊಂಡಿಲ್ಲ. ಸರಿ, ಈ ಡ್ರೈವರ್ ನಿನ್ನ ವಾರ್ಡಿಗೆ ಬಂದಿದ್ರೆ ಏನ್ ಮಾಡ್ತಿದ್ದೆ? ನಂಬಿಕೆ ಸಾಲದು ಅಂತ ಬೈದು ಕಳಿಸ್ತಿದ್ಯಾ?"

"ಛೇ, ಇಲ್ಲ ಮೇಡಂ! ಪಕ್ಕದಲ್ಲಿ ಕೂತ್ಕೊಂಡು, ಸಮಾಧಾನ ಮಾಡಿ, ಡಾಕ್ಟರಿಗೆ..." ಸಾಧ್ವಿ ಅಲ್ಲಿಗೇ ನಿಲ್ಲಿಸಿದಳು.

ಮೇಡಂ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಇಬ್ಬರೂ ವರಾಂಡ ದಾಟಿ ಮನೋವೈದ್ಯರ ಕೋಣೆಗೆ ಹೋದರು. ಡಾಕ್ಟರು ತಲೆಯೆತ್ತಿ, "ರೋಗಿ ಎಲ್ಲಿ, ಸಿಸ್ಟರ್?" ಎಂದರು. ಮೇಡಂ ಸಾಧ್ವಿಯ ಕಡೆ ನೋಡಿದರು.

"ನಾನೇ ಡಾಕ್ಟ್ರೇ" ಎಂದು ಸಾಧ್ವಿ ಕುರ್ಚಿ ಎಳೆದುಕೊಂಡಳು.