ಮೊದಲು ಆರಿಸುವ ಹಕ್ಕು

ಶಿರಾಳಕೊಪ್ಪದ ಹತ್ತಿರದ ಆ ಊರಿನಲ್ಲಿ ಸಣ್ಣಬೀರಪ್ಪ ಮೂರು ಸಲ ಪಂಚಾಯ್ತಿ ಮೆಂಬರಾಗಿ ಗೆದ್ದದ್ದು ರಸ್ತೆ ಮಾಡಿಸಿಯೂ ಅಲ್ಲ, ಚರಂಡಿ ತೆಗೆಸಿಯೂ ಅಲ್ಲ. ಅವೆರಡರ ಅವಸ್ಥೆ ಹೋಗಿ ನೋಡಿದರೇ ಗೊತ್ತಾಗುತ್ತದೆ. ಆತ ಗೆದ್ದದ್ದು ಸತ್ತವರ ಆಸ್ತಿಯನ್ನು ಕೋರ್ಟಿನ ಮೆಟ್ಟಿಲು ಹತ್ತಿಸದೆ ಪಾಲು ಮಾಡಿಸುತ್ತಿದ್ದುದರಿಂದ. ಸೊರಬದ ಕಡೆಯವರೂ ಕರೆಯಲು ಬರುತ್ತಿದ್ದರು. ಆತನ ಕಾನೂನು ಒಂದೇ: ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಯಾವ ಪಾಲು ತನಗೆ ಉಳಿಯುತ್ತದೋ ಗೊತ್ತಿಲ್ಲದ ಅಣ್ಣ ಮೋಸ ಮಾಡುವುದಾದರೂ ಹೇಗೆ?

ಇವತ್ತು ಕುರಿ ಪಾಲು. ತಿಪ್ಪೇಶನ ತಮ್ಮ ಗಿರೀಶ ಹೋದ ವರ್ಷ ತೀರಿಕೊಂಡಿದ್ದ; ಅವನ ಹೆಂಡತಿ ಪ್ರಮೀಳಾ ಬೇರೆಯಾಗಲು ನಿಂತಿದ್ದಳು. ಅವಳ ಬದುಕಿಗೆ ಈ ಕುರಿಗಳೇ ಆಧಾರ. ತಿಪ್ಪೇಶ ಹಿಂಡನ್ನು ಬೇಲಿ ಕಟ್ಟಿದ ಎರಡು ರೊಪ್ಪಗಳಲ್ಲಿ ಕೂಡಿಹಾಕಿದ್ದ. ತಲೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬಲಗಡೆ ಗಬ್ಬದ ಕುರಿಗಳೆಲ್ಲ. ಎಡಗಡೆ ಹಲ್ಲುದುರಿದ ಮುದಿ ಕುರಿಗಳು, ಕುಂಟು ಮರಿಗಳು.

ಅಷ್ಟು ಧೈರ್ಯ ಅವನಿಗೆ ಎಲ್ಲಿಂದ ಬಂತೆಂಬುದು ಸಣ್ಣಬೀರಪ್ಪನಿಗೆ ಗೊತ್ತು. ಚುನಾವಣೆ ಹತ್ತಿರವಿತ್ತು, ತಿಪ್ಪೇಶನ ಕೇರಿಯ ಓಟು ಬೀಳದಿದ್ದರೆ ಮೆಂಬರಗಿರಿ ಮುಗಿದಂತೆ. "ಕಿರಿಯ ಸತ್ತ ಮ್ಯಾಲೆ ಆರ್ಸೋ ಹಕ್ಕು ಹಿರಿಯಂದು ಅಂತ ಹೇಳಿಬಿಡ್ತೀನಿ, ಹೋಗು" ಎಂದು ಆತ ಸಂತೆಯಲ್ಲಿ ಅವನಿಗೆ ಮಾತು ಕೊಟ್ಟಿದ್ದ. ಅಲ್ಲಿ ಹೇಳುವಾಗ ಅದು ಬಹಳ ಸುಲಭವಾಗಿತ್ತು.

"ಹೇಳ್ರಿ ಮಾವ, ಆರ್ಸೋರು ಯಾರು?" ಎಂದ ತಿಪ್ಪೇಶ. ಅವನ ಕೈ ಆಗಲೇ ಬಲಗಡೆಯ ಬಾಗಿಲ ಮೇಲಿತ್ತು. ಊರೆಲ್ಲ ಬೇಲಿ ಸುತ್ತ ನಿಂತಿತ್ತು.

ಪ್ರಮೀಳಾ ಜಗಳಕ್ಕೆ ನಿಲ್ಲಲಿಲ್ಲ, ಅಳಲೂ ಇಲ್ಲ. ಎಡಗಡೆಯ ಮುದಿ ಕುರಿಯೊಂದರ ಬಾಯಿ ಬಿಡಿಸಿ ಹಲ್ಲು ನೋಡಿದಳು, ಅದೇ ತನಗೆಂದು ಒಪ್ಪಿಕೊಂಡವಳ ಹಾಗೆ. ಸಣ್ಣಬೀರಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಗಿರೀಶ ಇದ್ದಿದ್ರೆ ಅವ್ನು ಆರಿಸ್ತಿದ್ದ. ಈಗ ಅವ್ನ ಜಾಗದಾಗೆ ಇವಳು ಅದಾಳೆ. ಆರಿಸ್ಕಳವ್ವ ಪ್ರಮೀಳಾ."

ತಿಪ್ಪೇಶನ ಮುಖ ಕಪ್ಪಿಟ್ಟಿತು. "ಸಂತ್ಯಾಗೆ ನಂಗೆ ಮಾತು ಕೊಟ್ಟಿದ್ರಲ್ಲ ಮಾವ? ಓಟು ಹಾಕ್ಸು, ಆರ್ಸೋದು ನೀನೇ ಅಂದಿದ್ರಲ್ಲ?" ಸಿಟ್ಟಿನಲ್ಲಿ ತನ್ನ ಮಾನವನ್ನೂ ತಾನೇ ಕಳೆದುಕೊಳ್ಳುತ್ತಿದ್ದೇನೆಂಬುದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

"ಬೇಲಿನೇ ಎದ್ದು ಹೊಲ ಮೇದಂಗಾತು" ಎಂದು ಮುದುಕ ಉಜ್ಜಪ್ಪ ಗೊಣಗಿದ. ಸಣ್ಣಬೀರಪ್ಪ ಇಲ್ಲ ಎಂದುಬಿಡಬಹುದಿತ್ತು; ತಿಪ್ಪೇಶನ ಮಾತಿಗಿಂತ ಮೆಂಬರನ ಮಾತನ್ನೇ ಊರು ನಂಬುತ್ತಿತ್ತು.

"ಹೌದು, ಅಂದಿದ್ದೆ" ಎಂದ ಸಣ್ಣಬೀರಪ್ಪ. "ತಪ್ಪಾತು."

ಪ್ರಮೀಳಾ ಬಲಗಡೆಯ ಬಾಗಿಲು ತೆಗೆದಳು. ಗಬ್ಬದ ಕುರಿಗಳನ್ನು ಅವಸರಪಡಿಸದೆ ಹೊರಗೆ ಹೊಡೆದುಕೊಂಡು ಬಂದು ಆತನ ಮುಂದೆ ನಿಂತಳು.

"ನನ್ನ ಪಾಲು ನಂಗೆ ಕೊಡ್ಸಿದ್ರಿ, ಸಾಯೋ ತನಕ ಮರೆಯಲ್ಲ ಮಾವ. ಓಟು ಮಾತ್ರ ನಿಮಗೆ ಹಾಕಲ್ಲ."