ಗುರಣ್ಣ ಕಲಿತ ಮಾತು

ಗುರಣ್ಣನಿಗೆ ಲಕ್ವಾ ಹೊಡೆದಾಗ ಓಣಿಯ ಮಂದಿಯೆಲ್ಲ ಅವನ ಬಲಗೈ, ಬಲಗಾಲಿನ ಬಗ್ಗೆಯೇ ಮಾತಾಡಿದರು. ಒಬ್ಬರು ಪಾರಿವಾಳದ ರಕ್ತ ಹಚ್ಚಿರಿ ಅಂದರು, ಇನ್ನೊಬ್ಬರು ಯಾವುದೋ ಎಣ್ಣೆ ಹೇಳಿದರು. ನೋಡಲು ಬಂದವರೆಲ್ಲ ಚಹಾ ಕುಡಿಯುವಷ್ಟು ಹೊತ್ತು ಡಾಕ್ಟರಾಗಿ ಹೋದರು. ಮಾತು ನಿಂತುಹೋದ ಬಾಯಿಯ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ.

ಅವನ ಹೆಂಡತಿ ಸುಗಲಮ್ಮನಿಗೆ ಅದೇ ದೊಡ್ಡ ಸಂಕಟವಾಗಿತ್ತು. ಸುರಪುರದ ಕೆಳಗೆ ಕೃಷ್ಣೆಯ ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯ ಎಮ್ಮೆಗಳು ಕತ್ತೆತ್ತಬೇಕು, ಅಂಥ ಗಂಟಲು ಅವನದು. ಬಲೆ ಎತ್ತಿ ಹರಿಗೋಲು ತಿರುಗಿಸಿಕೊಂಡು ಬರುವಾಗ ಹೊಳೆಯ ನಡುವಿನಿಂದಲೇ ‘ಹೋಯ್’ ಅನ್ನುತ್ತಿದ್ದ. ಅದು ಅವಳಿಗೆ. ಅವಳು ಬುಟ್ಟಿ ಹಿಡಿದು ದಂಡೆಗಿಳಿಯುತ್ತಿದ್ದಳು. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಗಂಡಸು ಆ ಓಣಿಯಲ್ಲಿ ಇರಲಿಲ್ಲ; ಇದ್ದಿದ್ದರೆ ಮಂದಿ ಅವನನ್ನು ಆಡಿಕೊಂಡೇ ಊರು ಬಿಡಿಸುತ್ತಿದ್ದರು. ಮದುವೆಯ ದಿನ ಹೊಸ್ತಿಲಲ್ಲಿ ಅಡ್ಡಗಟ್ಟಿ ಹೆಂಡತಿಯ ಹೆಸರಿಟ್ಟು ಒಡಪು ಹೇಳಿಸಿದಾಗ ಗುರಣ್ಣ ಕಿವಿ ಕೆಂಪಗೆ ಮಾಡಿಕೊಂಡು ‘ಸುಗಲಾ’ ಅಂದಿದ್ದ. ಆಮೇಲೆ ಅಂದಿರಲಿಲ್ಲ.

ಶಹಾಪುರದ ಒಂದು ದವಾಖಾನೆಗೆ ವಾರಕ್ಕೊಮ್ಮೆ ಯಾದಗಿರಿಯಿಂದ ಪಂಚಶೀಲಾ ಎಂಬಾಕೆ ಬರುತ್ತಿದ್ದಳು. ಮಾತು ಹೋದವರಿಗೆ ಮಾತು, ನುಂಗಲಾಗದವರಿಗೆ ನುಂಗುವುದು ಕಲಿಸುವುದು ಅವಳ ಕೆಲಸ. ಜನ ಅವಳನ್ನು ಮಾತಿನ ಮೇಡಂ ಅನ್ನುತ್ತಿದ್ದರು. ಗುರಣ್ಣನ ಅಣ್ಣ ತಿರುಪತಿ ಜೀಪು ಗೊತ್ತು ಮಾಡಿ ಕರೆದೊಯ್ದ. ಅಕ್ಕ ಮೌನೇಶ್ವರಿಯೂ ಜೊತೆಗೆ ಹತ್ತಿದಳು.

ಪಂಚಶೀಲಾ ಮೊದಲು ಅವನ ಗಂಟಲಿಗೆ ಬೆರಳಿಟ್ಟು ಒಂದು ಚಮಚ ನೀರು ಕುಡಿಸಿ ನೋಡಿದಳು. ಅವನು ಕೆಮ್ಮಲಿಲ್ಲ. ಎಲ್ಲರೂ ಖುಷಿಪಟ್ಟರು, ಅವಳ ಮುಖ ಮಾತ್ರ ಸಣ್ಣದಾಯಿತು. ‘ಆ’ ಅನ್ನಿಸಿದಳು. ದನಿ ಗೊರಗೊರ ಅಂದಿತು.

“ಅಕ್ಕಾ, ಇವರಿಗಿ ಬರೇ ನೀರು ಕುಡಸಬ್ಯಾಡ್ರಿ,” ಅಂದಳು ಸುಗಲಮ್ಮನಿಗೆ. “ಹೊಟ್ಟಿಗಿ ಹೋಗೂದು ಬಿಟ್ಟು ಉಸರಿನ ದಾರಿಗಿ ಇಳದು ಎದಿಯಾಗ ನಿಂದರತದ. ಕೆಮ್ಮಿನೂ ಬರಂಗಿಲ್ಲ, ಗೊತ್ತೂ ಆಗಂಗಿಲ್ಲ. ಚಮಚ ಡೊಂಕ ಮಾಡಿದ್ರೂ ಬೀಳಬಾರದು, ಅಷ್ಟು ಗಟ್ಟಿ ಅಂಬಲಿ ಮಾಡ್ರಿ. ನೆಟ್ಟಗ ಕುಂದರಸಿ, ಗದ್ದ ಎದಿಗಿ ಹಚ್ಚಿ, ಒಂದೊಂದ ಚಮಚ ಕೊಡ್ರಿ.”

“ಹೊಳಿಯಾಗ ಹುಟ್ಟಿದವಗ ನೀರು ಬ್ಯಾಡಂದ್ರ ಹ್ಯಾಂಗ್ರಿ?” ಅಂದಳು ಮೌನೇಶ್ವರಿ.

“ಸದ್ಯಕ್ಕ ಬ್ಯಾಡ್ರಿ, ಅವ್ವಾ. ಗಂಟಲು ಸುಧಾರಸಲಿ.”

ಆಮೇಲೆ ಮಾತಿನ ಪಾಠ. ಪಂಚಶೀಲಾ ಅವನ ಎದುರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತು ಎಡಗೈ ಹಿಡಿದುಕೊಂಡಳು. ಮೊದಲಿಗೆ ಒಂದೇ ಮಾತು ಸಾಕು, ಅದು ಅವನಿಗೆ ಬೇಕಾದದ್ದಾಗಿರಬೇಕು ಅಂದಳು. “ನಿಮ್ಮ ಹೆಸರೇನು, ಅಕ್ಕಾ? ಅದರಿಂದನ ಸುರು ಮಾಡೋಣು.”

ತಿರುಪತಿ ಗಂಟಲು ಸರಿಪಡಿಸಿಕೊಂಡ. ಮೌನೇಶ್ವರಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಭಾವನ ಎದುರಿಗೆ ಗಂಡನ ಬಾಯಲ್ಲಿ ತನ್ನ ಹೆಸರು ಹೇಳಿಸುವುದೇ? ಸುಗಲಮ್ಮನಿಗೆ ನೆಲ ಬಿರಿದರೆ ಇಳಿದುಹೋಗೋಣ ಅನ್ನಿಸಿತು.

“ಅದು ಬ್ಯಾಡ್ರಿ, ಮೇಡಮ್ಮೋರ. ನೀರು ಅಂತ ಹೇಳಸ್ರಿ. ಇವರಿಗಿ ಹೊಳಿ ಬಿಟ್ರ ಬ್ಯಾರೆ ಏನ ಗೊತ್ತು?”

ಪಂಚಶೀಲಾ ತಡೆದಳು. “ಕುಡಸಲಾರದ್ದನ್ನ ಕೇಳಲಿಕ್ಕ ಕಲಸೂದು ಚಲೋ ಅಲ್ರಿ. ವಿಚಾರ ಮಾಡ್ರಿ.”

“ಅಂಬಲಿಯಾಗೂ ನೀರ ಇರತಾವಲ್ರಿ,” ಅಂದಳು ಸುಗಲಮ್ಮ, ಮುಖ ಎತ್ತದೆ. ಪಂಚಶೀಲಾ ಗುರಣ್ಣನನ್ನೇ ಕೇಳಿದಳು. ಅವನು ಹೆಂಡತಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು, ಅವನೂ ತಲೆಯಾಡಿಸಿದ.

ಮನೆಯಲ್ಲಿ ದಿನಾ ಪಾಠ ನಡೆಯಿತು. ಬೆಳಿಗ್ಗೆ ಅಂಬಲಿ ಆದ ಮೇಲೆ ಸುಗಲಮ್ಮ ಅವನ ಎದುರು ಕುಳಿತು ಅವನ ಎಡಗೈಯಿಂದ ಅವನ ತೊಡೆಯ ಮೇಲೆ ತಾಳ ಹಾಕಿಸುತ್ತ “ನೀ…” ಅನ್ನುತ್ತಿದ್ದಳು, ಉಳಿದದ್ದಕ್ಕೆ ಕಾಯುತ್ತಿದ್ದಳು. ಅವಸರ ಮಾಡಬಾರದು, ಮಾತು ಹುಡುಕಿ ತರಲು ಅವನಿಗೆ ಹೊತ್ತು ಬೇಕು ಎಂದು ಮೇಡಂ ಹೇಳಿದ್ದಳು. ಅವನು ಹುಡುಕುತ್ತಿದ್ದ. ಸಿಗದೆ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದ. ಅವಳಿಗೂ ಎದ್ದು ಹೋಗಿಬಿಡಬೇಕು ಅನ್ನಿಸುವಷ್ಟು ಸಾಕಾಗುತ್ತಿತ್ತು, ಆದರೆ ಹೋಗುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವನು ಅಂದ: “ನೀರು.”

ಸುಗಲಮ್ಮ ಅಳುತ್ತ ಹೊರಗೋಡಿ ಓಣಿಗೆಲ್ಲ ಹೇಳಿದಳು. ಮಂದಿ ಬಂದು ಮತ್ತೆ ಮತ್ತೆ ಅನ್ನಿಸಿ ಕೇಳಿದರು. ಅಂದು ಅವಳು ಪಟ್ಟಷ್ಟು ಸಂತೋಷವನ್ನು ಮೊದಲೂ ಪಟ್ಟಿರಲಿಲ್ಲ, ಆಮೇಲೂ ಪಡಲಿಲ್ಲ.

ಸಂಕಟ ಮರುದಿನದಿಂದಲೇ ಶುರುವಾಯಿತು. ಗುರಣ್ಣ ಬೆಳಗಿನಿಂದ ಬೈಗಿನ ತನಕ ನೀರು ಅನ್ನತೊಡಗಿದ. ಮಗ್ಗುಲು ಬದಲಿಸಬೇಕಾದರೂ ನೀರು, ಸೆಕೆಯಾದರೂ ನೀರು, ಹೊಳೆಯ ಕಡೆ ಕೈ ತೋರಿಸಿಯೂ ನೀರು. ಸುಗಲಮ್ಮ ಗಾಬರಿಯಾಗಿ ಕೇಳಿದಾಗ ಪಂಚಶೀಲಾ ಅಂದಳು: “ಅವರಿಗಿ ಸಿಕ್ಕದ್ದು ಅದೊಂದ ಮಾತು, ಅಕ್ಕಾ. ಬ್ಯಾರೆ ಏನ ಹೇಳಬೇಕಂದ್ರೂ ಅದನ ಬರತದ. ಮಾತು ಕೇಳಬ್ಯಾಡ್ರಿ, ಕಣ್ಣು ನೋಡ್ರಿ. ಈಗರ ನಿಮ್ಮ ಹೆಸರು ಸುರು ಮಾಡೋಣೇನು?”

“ಮುಂದಿನ ವಾರ ನೋಡೋಣ್ರಿ,” ಅಂದಳು ಸುಗಲಮ್ಮ. ಪ್ರತಿ ವಾರವೂ ಹಾಗೇ ಅಂದಳು.

ಓಣಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅದಕ್ಕೆ ಕೇಳಿಸಿದ್ದು ಗಂಡ ಬಾಯಿಬಿಟ್ಟು ನೀರು ಕೇಳುವುದು, ಹೆಂಡತಿ ಕೊಡದೆ ಕೂತಿರುವುದು. ಮನೆ ಮುಂದೆ ಹಾದುಹೋಗುವ ಅಪರಿಚಿತ ಕೇಳಿದರೂ ತಂಬಿಗೆ ತಂದು ಕೊಡುವ ಊರು ಅದು. ನೀರು ಕೇಳಿದವನಿಗೆ ಇಲ್ಲ ಅಂದ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. “ಎಂಥ ಕಲ್ಲು ಹೆಂಗಸು,” ಅಂದರು. ಸುಗಲಮ್ಮ ಹೇಳಿ ಹೇಳಿ ಸೋತಳು. ಕೊನೆಗೆ ಬಾಗಿಲು ಮುಂದೆ ಮಾಡಿಕೊಂಡು ಪಾಠ ಮಾಡಿಸತೊಡಗಿದಳು.

ಒಂದು ದಿನ ಅವಳು ಸುರಪುರಕ್ಕೆ ಭಾವ ಹಿಡಿದ ಮೀನು ಮಾರಲು ಹೋದಾಗ ಮೌನೇಶ್ವರಿಯನ್ನು ತಮ್ಮನ ಹತ್ತಿರ ಕೂರಿಸಿದ್ದಳು. ಬಸ್ಸು ತಡವಾಯಿತು. ಹೊತ್ತು ಮುಳುಗುವಾಗ ಮನೆಗೆ ಬಂದರೆ ಗುರಣ್ಣ ಒರಗಿ ಮಲಗಿದ್ದ. ಉಸಿರಿನಲ್ಲಿ ಗೊರಗೊರ ಸದ್ದು ಬರುತ್ತಿತ್ತು. ಪಕ್ಕದಲ್ಲಿ ಖಾಲಿ ತಂಬಿಗೆ.

“ಏನ ಕೊಟ್ಟಿ, ಅಕ್ಕಾ?”

“ನೀರ ಕೊಟ್ಟೇನಿ. ಇಸ ಕೊಟ್ಟಿಲ್ಲ,” ಅಂದಳು ಮೌನೇಶ್ವರಿ. ಸಿಟ್ಟಿನಿಂದಲೇ ಅಂದರೂ ಅವಳ ಕಣ್ಣು ಅತ್ತು ಊದಿಕೊಂಡಿದ್ದವು. “ಒಡಹುಟ್ಟಿದವ ಬಾಯಿ ಬಿಟ್ಟು ಕೇಳಿದ್ರ ಹ್ಯಾಂಗ ಸುಮ್ಕ ಕುಂದರಲಿ? ಬಾಗಲಾ ನೋಡಕೋತ ನೀರ, ನೀರ ಅಂದ. ಕೊಟ್ಟೆ. ಕುಡದು ಮತ್ತ ಬಾಗಲಾ ನೋಡಿ ನೀರ ಅಂದ. ಮತ್ತ ಕೊಟ್ಟೆ. ಎಷ್ಟು ಕುಡದರೂ ಅವನ ನೀರಡಿಕಿ ಹೋಗಲಿಲ್ಲ, ಸುಗಲಿ. ಅಷ್ಟು ಒಣಗಿಸಿದ್ದಿ ಅವನ್ನ.”

ಸುಗಲಮ್ಮ ಬಾಗಿಲು ನೋಡಿದಳು. ಪೇಟೆಯಿಂದ ಅವಳು ಬರಬೇಕಾದ ಹೊತ್ತು ಅಂದು ಮೀರಿಹೋಗಿತ್ತು. ಬುಟ್ಟಿ ಇಳಿಸುವುದನ್ನೂ ಮರೆತು ಅವಳು ಹಾಗೇ ನಿಂತಳು. ಅವನು ನೀರು ಕೇಳಿರಲಿಲ್ಲ. ಅವಳು ಎಲ್ಲಿ ಅಂತ ಕೇಳಿದ್ದ. ಕೇಳಲು ಅವನಿಗೆ ಬೇರೆ ಮಾತು ಇರಲಿಲ್ಲ. ಇರಬಹುದಾಗಿದ್ದ ಮಾತನ್ನು ನಾಚಿಕೆಗೆ ಬಿದ್ದು ಬೇಡ ಅಂದವಳು ತಾನೇ. ಮೌನೇಶ್ವರಿಯನ್ನು ಬೈಯದೆ, ಬುಟ್ಟಿ ಇಳಿಸಿ ಅವನನ್ನು ನೆಟ್ಟಗೆ ಎತ್ತಿ ಕೂರಿಸಿದಳು.

ಜ್ವರ ಏರಿತು. ಯಾದಗಿರಿಯ ದವಾಖಾನೆಯಲ್ಲಿ ಎದೆಯ ಫೋಟೋ ತೆಗೆದರು, ಸೂಜಿ ಹಾಕಿದರು, ಕೆಲವು ದಿನ ಇಟ್ಟುಕೊಂಡರು. ಪಂಚಶೀಲಾ ದಿನಾ ವಾರ್ಡಿಗೆ ಬಂದು ಸುಗಲಮ್ಮನ ಪಕ್ಕ ಕೂತು ಹೋಗುತ್ತಿದ್ದಳು. ಎದೆ ತುಂಬಿಬಿಟ್ಟಿದೆ, ಮನೆಗೆ ಕರೆದೊಯ್ಯುವುದಾದರೆ ಒಯ್ಯಿರಿ ಎಂದು ಡಾಕ್ಟರು ತಿರುಪತಿಯನ್ನು ಹೊರಗೆ ಕರೆದು ಹೇಳಿದರು.

ಮನೆಯಲ್ಲಿ ಅವನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಹೊಳೆಯಿಂದ ತಂಬಿಗೆ ತುಂಬಿ ತಂದರು. ಹೋಗುವವನ ಬಾಯಿಗೆ ಮನೆಯವರೆಲ್ಲ ನೀರು ಬಿಡಬೇಕು, ಮೊದಲು ಹೆಂಡತಿ. ತಿಂಗಳುಗಟ್ಟಲೆ ಯಾವುದನ್ನು ಅವನ ತುಟಿಗೆ ಸೋಕಿಸದೆ ಬೈಗುಳ ತಿಂದಳೋ ಅದನ್ನೇ ಈಗ ಅವಳ ಕೈಗೆ ಕೊಟ್ಟು ಬಿಡು ಅಂದರು.

“ಜರಾ ತಡೀರಿ,” ಅಂದಳು ಸುಗಲಮ್ಮ.

ತಂಬಿಗೆ ಕೆಳಗಿಟ್ಟು ಅವನ ಎದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಳು. ಎಡಗೈ ಹಿಡಿದಳು. ಬಾಗಿಲಲ್ಲಿ ಭಾವ ನಿಂತಿದ್ದ, ಓಣಿಯ ಹಿರಿಯರು ನಿಂತಿದ್ದರು. ಸೆರಗು ತಲೆಯಿಂದ ಜಾರಿದ್ದನ್ನು ಅವಳು ಎಳೆದುಕೊಳ್ಳಲಿಲ್ಲ. ಅವನ ಕೈಯಿಂದ ಅವನ ತೊಡೆಗೆ ಮೆಲ್ಲಗೆ ತಾಳ ಹಾಕಿಸುತ್ತ, ಎಲ್ಲರಿಗೂ ಕೇಳುವಂತೆ ಅಂದಳು: “ಸು… ಗ… ಲಾ.”

ಕಾದಳು. ಅವಸರ ಮಾಡಲಿಲ್ಲ.

“ಸು…” ಅಂದಳು ಮತ್ತೆ.

ಗುರಣ್ಣ ಕಣ್ಣು ತೆರೆದು ಅವಳನ್ನು ನೋಡಿದ. ತುಟಿ ಮುಂದೆ ಬಂದವು. ಬಹಳ ಹೊತ್ತು ಹುಡುಕಿದ. ಕೊನೆಗೆ ಉಸಿರಿನಷ್ಟೇ ದನಿಯಲ್ಲಿ ಅಂದ: “ನೀರು.”

ಮೌನೇಶ್ವರಿ ಅಳುತ್ತ ತಂಬಿಗೆ ಮುಂದೆ ಚಾಚಿದಳು.

“ಹೂಂ,” ಅಂದಳು ಸುಗಲಮ್ಮ ಗಂಡನಿಗೆ, “ನಾನ. ಇಲ್ಲೇ ಅದೀನಿ.” ಆಮೇಲೆ ತಂಬಿಗೆ ತೆಗೆದುಕೊಂಡು ಅವನ ಗದ್ದವನ್ನು ಎದೆಗೆ ಹಚ್ಚಿ, ಮೇಡಂ ಹೇಳಿಕೊಟ್ಟ ಹಾಗೆ, ಒಂದೇ ಒಂದು ಚಮಚ ನೀರು ಬಿಟ್ಟಳು.